ನ್ಯೂಜಿಲೆಂಡಿನಲ್ಲಿ ಸಾಮಾಜಿಕ ಭದ್ರತೆಯ ಮೇಲ್ಮನವಿ

ಸರ್ಕಾರದ ಸಹಾಯಧನ ಸಿಗದೆ ಹೋದಾಗ, ಸಿಗುತ್ತಿದ್ದದ್ದು ಕಡಿತವಾದಾಗ ಅಥವಾ ನಿಂತಾಗ, ಕೊಟ್ಟ ಹಣವನ್ನು ಸಾಲವೆಂದು ಲೆಕ್ಕ ಹಾಕಿ ವಾಪಸು ಕೇಳಿದಾಗ ಆ ತೀರ್ಮಾನವನ್ನು ಪ್ರಶ್ನಿಸಲು ನ್ಯೂಜಿಲೆಂಡಿನ ಪ್ರಜೆಗಳಿಗೂ ಅಲ್ಲಿ ನೆಲೆಸಿದ ವಲಸಿಗರಿಗೂ ಕಾನೂನು ಒಂದು ಹಾದಿ ತೆರೆದಿಟ್ಟಿದೆ. ಈಗ ಅದಕ್ಕೆ ಆಧಾರ 2018ರ ಸಾಮಾಜಿಕ ಭದ್ರತಾ ಕಾಯ್ದೆ. ಆ ವರ್ಷದ ನವೆಂಬರ್ 26ರಂದು ಜಾರಿಗೆ ಬಂದ ಈ ಕಾಯ್ದೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೇಪೆ ಹಾಕಿಸಿಕೊಂಡು ಬಾಳಿದ 1964ರ ಕಾಯ್ದೆಯ ಜಾಗಕ್ಕೆ ಬಂತು. ಹಾದಿಯಲ್ಲಿ ಮೂರು ಮುಖ್ಯ ಹಂತಗಳಿವೆ. ಮೊದಲಿನದು ಇಲಾಖೆಯೊಳಗಿನ ಮರುಪರಿಶೀಲನೆ ಮತ್ತು ಬೆನಿಫಿಟ್ಸ್ ರಿವ್ಯೂ ಸಮಿತಿ. ಅದರ ಮೇಲೆ ಸ್ವತಂತ್ರವಾದ ಸಾಮಾಜಿಕ ಭದ್ರತಾ ಮೇಲ್ಮನವಿ ಪ್ರಾಧಿಕಾರ. ಕಾನೂನಿನ ಪ್ರಶ್ನೆ ಎದ್ದರೆ ಹೈಕೋರ್ಟು ಮತ್ತು ಅದರ ಮೇಲಿನ ನ್ಯಾಯಾಲಯಗಳು. ವೈದ್ಯಕೀಯ ಕಾರಣದ ತೀರ್ಮಾನಗಳಿಗೆ ಬೇರೆಯೇ ಒಂದು ಮಂಡಳಿ ಇದೆ.

ಸಹಾಯಧನಗಳನ್ನು ಕೊಡುವುದು ಸಾಮಾಜಿಕ ಅಭಿವೃದ್ಧಿ ಸಚಿವಾಲಯ. ಜನ ಎದುರಾಗುವುದು ಅದರ ಸೇವಾ ವಿಭಾಗವಾದ ವರ್ಕ್ ಅಂಡ್ ಇನ್‌ಕಮ್ ಕಚೇರಿಯನ್ನು. 1998ರಲ್ಲಿ ಆದಾಯ ಸಹಾಯ ಮತ್ತು ಉದ್ಯೋಗ ಸೇವೆಗಳನ್ನು ಒಂದುಗೂಡಿಸಿ ಮಾಡಿದ ಇಲಾಖೆ ಅದು. 2001ರಲ್ಲಿ ಹೊಸ ಸಚಿವಾಲಯದೊಳಗೆ ಸೇರಿಹೋಯಿತು. ಊರಲ್ಲೆಲ್ಲ ಅದನ್ನು ಇವತ್ತಿಗೂ 'ವಿನ್ಜ್' ಎಂದೇ ಕರೆಯುತ್ತಾರೆ. ನಿರುದ್ಯೋಗಿಗೆ ಜಾಬ್‌ಸೀಕರ್ ಸಪೋರ್ಟ್, ಒಂಟಿಯಾಗಿ ಮಕ್ಕಳನ್ನು ಸಾಕುವವರಿಗೆ ಸೋಲ್ ಪೇರೆಂಟ್ ಸಪೋರ್ಟ್, ದೀರ್ಘಕಾಲದ ಕಾಯಿಲೆ ಅಥವಾ ಅಂಗವೈಕಲ್ಯ ಇದ್ದವರಿಗೆ ಸಪೋರ್ಟೆಡ್ ಲಿವಿಂಗ್ ಪೇಮೆಂಟ್ ಇವು ಮೂರು ಮುಖ್ಯ ಸಹಾಯಧನಗಳು. ಇವುಗಳ ಜೊತೆಗೆ ಮನೆ ಬಾಡಿಗೆಯ ಭಾರಕ್ಕೆ ಅಕಾಮೊಡೇಶನ್ ಸಪ್ಲಿಮೆಂಟ್, ಔಷಧೋಪಚಾರದ ಖರ್ಚಿಗೆ ಡಿಸೆಬಿಲಿಟಿ ಅಲೊಯನ್ಸ್, ಎಲ್ಲ ಸೇರಿಸಿದರೂ ತಿಂಗಳು ಸಾಗದವರಿಗೆ ತಾತ್ಕಾಲಿಕ ಹೆಚ್ಚುವರಿ ಸಹಾಯ ಉಂಟು. 65 ತುಂಬಿದವರಿಗೆ ಸಿಗುವ ನ್ಯೂಜಿಲೆಂಡ್ ಸೂಪರ್‌ಆ್ಯನ್ಯುಯೇಶನ್ ಇವೆಲ್ಲಕ್ಕಿಂತ ದೊಡ್ಡದು. ಅದಕ್ಕೆ ಆಸ್ತಿ ಆದಾಯಗಳ ಪರೀಕ್ಷೆ ಇಲ್ಲ. ವೃದ್ಧಾಪ್ಯ ವೇತನವನ್ನು ಬಿಟ್ಟು ಮುಖ್ಯ ಸಹಾಯಧನಗಳನ್ನಷ್ಟೇ ಎಣಿಸಿದರೂ 2024ರ ಕೊನೆಗೆ ಪಡೆಯುತ್ತಿದ್ದವರು ನಾಲ್ಕು ಲಕ್ಷಕ್ಕಿಂತ ಹೆಚ್ಚು. ಸುಮಾರು 53 ಲಕ್ಷ ಜನರ ದೇಶಕ್ಕೆ ಇದು ಸಣ್ಣ ಸಂಖ್ಯೆಯಲ್ಲ. ಅಷ್ಟೂ ಜನರ ವಿಷಯದಲ್ಲಿ ವಾರವಾರವೂ ಯಾರೋ ಒಬ್ಬ ಅಧಿಕಾರಿ ಏನೋ ಒಂದು ತೀರ್ಮಾನ ಮಾಡುತ್ತಿರುತ್ತಾನೆ.

ಹಿನ್ನೆಲೆ

ಈ ದೇಶದ ಸಾಮಾಜಿಕ ಭದ್ರತೆಯ ಕಥೆ ಶುರುವಾಗುವುದೇ ನ್ಯಾಯಾಲಯದಲ್ಲಿ. ಪ್ರಧಾನಿ ರಿಚರ್ಡ್ ಸೆಡನ್ 1898ರಲ್ಲಿ ತಂದ ವೃದ್ಧಾಪ್ಯ ವೇತನ ಕಾಯ್ದೆಯ ಪ್ರಕಾರ 65 ದಾಟಿದ ಬಡವರಿಗೆ ವರ್ಷಕ್ಕೆ 18 ಪೌಂಡ್ ಸಿಗುತ್ತಿತ್ತು. ಆದರೆ ಮುದುಕರು ಮ್ಯಾಜಿಸ್ಟ್ರೇಟರ ಎದುರು ಬಂದು ನಿಂತು ತಮ್ಮ ವಯಸ್ಸು, ದೇಶದಲ್ಲಿ 25 ವರ್ಷ ವಾಸವಿದ್ದದ್ದು, ಆಸ್ತಿಪಾಸ್ತಿ ಇವುಗಳ ಜೊತೆಗೆ ತಾವು ನಡತೆಯಲ್ಲಿ ಒಳ್ಳೆಯವರು ಎಂಬುದನ್ನೂ ಬಹಿರಂಗವಾಗಿ ಸಾಬೀತು ಮಾಡಬೇಕಿತ್ತು. ಕುಡಿತ, ಹೆಂಡತಿ ಮಕ್ಕಳನ್ನು ಕೈಬಿಟ್ಟದ್ದು, ಜೈಲು ಕಂಡದ್ದು ಎಲ್ಲವೂ ಅಲ್ಲಿ ವಿಚಾರಣೆಗೆ ಬರುತ್ತಿದ್ದವು. ಚೀನೀಯರಿಗೂ ಇತರ ಏಷ್ಯಾದವರಿಗೂ ಆ ಬಾಗಿಲು ಮುಚ್ಚಿತ್ತು. ಪೌರತ್ವ ಪಡೆದಿದ್ದರೂ ಅಷ್ಟೇ. ಆ ನಿರ್ಬಂಧ ತೊಲಗಿದ್ದು 1936ರಲ್ಲಿ. ಇಂದು ಆಕ್ಲೆಂಡಿನ ಯಾವುದೋ ಕನ್ನಡ ಕುಟುಂಬದ ಅಜ್ಜ ತನ್ನ ಪಿಂಚಣಿಯ ಬಗ್ಗೆ ತಕರಾರು ಎತ್ತಬಹುದು ಎಂಬುದು ಹಾಗಾಗಿ ತಾನಾಗಿ ಬಂದ ಹಕ್ಕಲ್ಲ.

1938ರಲ್ಲಿ ಮೈಕೇಲ್ ಜೋಸೆಫ್ ಸ್ಯಾವೇಜರ ಲೇಬರ್ ಸರ್ಕಾರ ತಂದ ಸಾಮಾಜಿಕ ಭದ್ರತಾ ಕಾಯ್ದೆ 1939ರ ಏಪ್ರಿಲ್ 1ರಿಂದ ಜಾರಿಯಾಯಿತು. ಜಗತ್ತಿನ ಬೇರೆ ದೇಶಗಳು ಬೆರಗಿನಿಂದ ನೋಡಿದ ಕಾಯ್ದೆ ಅದು. ಅದರಲ್ಲಿ ಒಂದು ಕೊರತೆ ಇತ್ತು. ಸಹಾಯಧನವನ್ನು ನಿರ್ವಹಿಸುತ್ತಿದ್ದ ಸಾಮಾಜಿಕ ಭದ್ರತಾ ಆಯೋಗವೇ ತಕರಾರುಗಳನ್ನೂ ಕೇಳುತ್ತಿತ್ತು. ಕೆಳಗಿನ ಅಧಿಕಾರಿ 'ಇಲ್ಲ' ಎಂದದ್ದರ ಮೇಲೆ ಅದೇ ಇಲಾಖೆಯ ಮೇಲಿನವರ ಬಳಿ ಹೋಗಬೇಕು, ಅವರದೇ ಕೊನೆಯ ಮಾತು. ಮೂರು ದಶಕ ಹೀಗೇ ನಡೆಯಿತು.

ನಡುವೆ ಇನ್ನೊಂದು ಕಡೆಯಿಂದ ಬಾಗಿಲು ತುಸು ತೆರೆಯಿತು. 1962ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ಸ್ಕ್ಯಾಂಡಿನೇವಿಯಾದ ಹೊರಗೆ ಮೊತ್ತಮೊದಲ ಒಂಬುಡ್ಸ್‌ಮನ್ ಹುದ್ದೆಯನ್ನು ಸ್ಥಾಪಿಸಿತು. ಅದಕ್ಕೆ ನೇಮಕಗೊಂಡ ಸರ್ ಗೈ ಪೌಲ್ಸ್ ಅದಕ್ಕೆ ಸ್ವಲ್ಪ ಮುಂಚೆ ದೆಹಲಿಯಲ್ಲಿ ನ್ಯೂಜಿಲೆಂಡಿನ ಹೈಕಮಿಷನರ್ ಆಗಿದ್ದವರು. ನಮ್ಮ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಲೋಕಪಾಲ, ಲೋಕಾಯುಕ್ತರ ಸಲಹೆ ಕೊಟ್ಟಾಗ ಕಣ್ಣ ಮುಂದಿದ್ದ ಮಾದರಿಗಳಲ್ಲಿ ನ್ಯೂಜಿಲೆಂಡಿನದೂ ಒಂದು. ಕರ್ನಾಟಕದ 1984ರ ಲೋಕಾಯುಕ್ತ ಕಾಯ್ದೆ ಅದೇ ವಂಶಾವಳಿಯದು. ಆದರೆ ಒಂಬುಡ್ಸ್‌ಮನ್ ಶಿಫಾರಸು ಮಾಡಬಲ್ಲರೇ ಹೊರತು ಇಲಾಖೆಯ ತೀರ್ಮಾನವನ್ನು ತಾವೇ ಬದಲಿಸಲಾರರು.

ತೀರ್ಮಾನವನ್ನು ಬದಲಿಸಬಲ್ಲ ಹೊರಗಿನವರು ಬೇಕು ಎಂಬ ಬೇಡಿಕೆಗೆ ಬಲ ಬಂದದ್ದು ನ್ಯಾಯಮೂರ್ತಿ ಸರ್ ಥ್ಯಾಡಿಯಸ್ ಮೆಕಾರ್ಥಿ ಅಧ್ಯಕ್ಷತೆಯ ರಾಜ ಆಯೋಗದಿಂದ. 1972ರಲ್ಲಿ ವರದಿ ಕೊಟ್ಟ ಆ ಆಯೋಗ, ಸಹಾಯಧನದ ಗುರಿ ಹೊಟ್ಟೆ ಹೊರೆಯುವುದಷ್ಟೇ ಅಲ್ಲ, ಪಡೆಯುವವನು ಸಮಾಜದಲ್ಲಿ ಒಬ್ಬನಾಗಿ ಬಾಳುವಷ್ಟು ಆಗಬೇಕು ಎಂದು ಹೇಳಿದ್ದಕ್ಕೆ ಹೆಸರಾಗಿದೆ. ಅದರ ಮರುವರ್ಷ ನಾರ್ಮನ್ ಕರ್ಕ್ ಸರ್ಕಾರ ತಂದ ತಿದ್ದುಪಡಿ ಕಾಯ್ದೆ ಒಂಟಿ ಪಾಲಕರಿಗೆ ಡೊಮೆಸ್ಟಿಕ್ ಪರ್ಪಸಸ್ ಬೆನಿಫಿಟ್ ಕೊಟ್ಟಿತು, ಜೊತೆಗೆ ಸಾಮಾಜಿಕ ಭದ್ರತಾ ಮೇಲ್ಮನವಿ ಪ್ರಾಧಿಕಾರವನ್ನು ಹುಟ್ಟುಹಾಕಿತು. ಮೊದಲನೆಯದರ ಬಗ್ಗೆ ದಶಕಗಟ್ಟಲೆ ವಾಗ್ವಾದ ನಡೆದು ಪುಸ್ತಕಗಳೇ ಬಂದಿವೆ. ಎರಡನೆಯದರ ಬಗ್ಗೆ ಬರೆದವರು ಕಡಿಮೆ, ಪರಿಣಾಮ ಮಾತ್ರ ಕಡಿಮೆಯದಲ್ಲ.

ಮರುಪರಿಶೀಲನೆ

ತಕರಾರು ಹೂಡಲು ಮೊದಲು ಬೇಕಾದ್ದು ತೀರ್ಮಾನದ ತಿಳಿವಳಿಕೆ. ತೀರ್ಮಾನ ತಿಳಿಸಿದ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾದರೆ ಒಪ್ಪುವಂಥ ಕಾರಣ ಕೊಟ್ಟು ಅವಧಿ ವಿಸ್ತರಣೆ ಕೇಳಬಹುದು. ಕಾಗದದ ಮೇಲೆ ಮೂರು ತಿಂಗಳು ಧಾರಾಳವಾಗಿಯೇ ಕಾಣುತ್ತದೆ. ತೊಂದರೆ ಬರುವುದು ಬೇರೆ ಕಡೆ. ಕೌಂಟರಿನಲ್ಲಿ ಅಥವಾ ಫೋನಿನಲ್ಲಿ 'ನಿಮಗೆ ಇದು ಬರುವುದಿಲ್ಲ' ಎಂದು ಹೇಳಿ ಕಳಿಸಿದರೆ, ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ, ತನ್ನ ವಿಷಯದಲ್ಲಿ ಒಂದು ತೀರ್ಮಾನ ಆಗಿದೆ ಎಂಬುದೇ ಆ ವ್ಯಕ್ತಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಅಲ್ಲಿನ ಸಲಹಾ ಕೇಂದ್ರಗಳವರು ಮೊದಲು ಹೇಳಿಕೊಡುವ ಪಾಠ ಒಂದೇ: ಬೇಡ ಎಂದದ್ದನ್ನು ಬರಹದಲ್ಲಿ ಕೊಡಿ ಎಂದು ಕೇಳಿ.

ಅರ್ಜಿ ಬಂದ ಮೇಲೆ ಅದು ನೇರವಾಗಿ ಸಮಿತಿಗೆ ಹೋಗುವುದಿಲ್ಲ. ಮೊದಲು ಇಲಾಖೆಯೊಳಗೇ ಇನ್ನೊಬ್ಬರು ಕಡತ ತೆಗೆದು ನೋಡುತ್ತಾರೆ. ಲೆಕ್ಕ ತಪ್ಪಿದ್ದು, ಕಾಗದ ಕಾಣದೆ ಹೋದದ್ದು, ನಿಯಮ ಗೊತ್ತಿಲ್ಲದ ಅಧಿಕಾರಿ ಇಲ್ಲವೆಂದದ್ದು ಇಂಥವು ಇಲ್ಲಿಯೇ ಸರಿಹೋಗುತ್ತವೆ. ಇದು ವ್ಯವಸ್ಥೆಯ ಒಳ್ಳೆಯ ಗುಣವೂ ಹೌದು, ಅನುಮಾನಕ್ಕೆ ಕಾರಣವೂ ಹೌದು. ಕೇಳಿದವರಿಗೆ ಇಷ್ಟು ಬೇಗ ಸರಿಪಡಿಸಿ ಕೊಡುವುದಾದರೆ ಕೇಳದೆ ಸುಮ್ಮನಾದವರ ಕಡತಗಳಲ್ಲಿ ಅದೇ ತಪ್ಪು ಎಷ್ಟಿರಬಹುದು ಎಂಬ ಪ್ರಶ್ನೆ ಏಳುತ್ತದೆ.

ಅಲ್ಲಿ ಬಗೆಹರಿಯದಿದ್ದರೆ ಬೆನಿಫಿಟ್ಸ್ ರಿವ್ಯೂ ಸಮಿತಿ. ಮೂವರು ಸದಸ್ಯರು, ಇಬ್ಬರು ಇಲಾಖೆಯ ನೌಕರರೇ, ಆದರೆ ಆ ತೀರ್ಮಾನದಲ್ಲಿ ಕೈ ಇಲ್ಲದವರು. ಮೂರನೆಯವರು ಸ್ಥಳೀಯ ಸಮುದಾಯದ ಪ್ರತಿನಿಧಿ, ಸಚಿವರು ನೇಮಿಸಿದವರು. ಅರ್ಜಿದಾರ ತಾನೇ ಬಂದು ಮಾತಾಡಬಹುದು, ಜೊತೆಗೆ ಒಬ್ಬರನ್ನು ಕರೆತರಬಹುದು. ಮೇಜಿನ ಸುತ್ತ ಕೂತು ಮಾತಾಡುವ ಸಭೆ ಇದು. ಕೋರ್ಟಿನ ಕಟ್ಟುಪಾಡು ಇಲ್ಲ. ಸಮಿತಿ ತೀರ್ಮಾನವನ್ನು ಎತ್ತಿ ಹಿಡಿಯಬಹುದು, ಬದಲಿಸಬಹುದು, ರದ್ದು ಮಾಡಬಹುದು.

ಎಷ್ಟೋ ವರ್ಷಗಳಿಂದ ಇದರ ಮೇಲಿರುವ ಟೀಕೆ ಒಂದೇ. ಮೂವರಲ್ಲಿ ಇಬ್ಬರು ಪ್ರತಿವಾದಿಯ ಸಂಬಳ ತಿನ್ನುವವರು. ಅವರು ಪ್ರಾಮಾಣಿಕರಲ್ಲ ಎಂದು ಯಾರೂ ಹೇಳುವುದಿಲ್ಲ. ಆದರೆ ತಾವೂ ದಿನಾ ಅನ್ವಯಿಸುವ ನಿಯಮವನ್ನು ಸಹೋದ್ಯೋಗಿ ಅನ್ವಯಿಸಿದ ರೀತಿಯಲ್ಲಿ ತಪ್ಪು ಕಾಣುವುದು ಮನುಷ್ಯನಿಗೆ ಕಷ್ಟ. ಪ್ರಾಧಿಕಾರಕ್ಕೆ ಹೋಗಬೇಕಾದರೆ ಈ ಮೆಟ್ಟಿಲನ್ನು ಹತ್ತಿಯೇ ಹೋಗಬೇಕು, ಹಾರಿ ಹೋಗುವಂತಿಲ್ಲ. ಇಲ್ಲಿ ಸೋತವರಲ್ಲಿ ಹೆಚ್ಚಿನವರು ಮುಂದಿನ ಮೆಟ್ಟಿಲಿಗೆ ಹೋಗುವುದೇ ಇಲ್ಲ. ಬಾಡಿಗೆ ಕಟ್ಟಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು, ಮತ್ತೆ ಕಾಗದಪತ್ರ ಹೊಂದಿಸುವ ತ್ರಾಣ ಉಳಿದಿರುವುದಿಲ್ಲ. 1938ರಲ್ಲಿ ಇಲಾಖೆಯೇ ವಿಚಾರಿಸುತ್ತಿತ್ತು ಎಂದು ಆಕ್ಷೇಪಿಸಿ 1973ರಲ್ಲಿ ಹೊರಗಿನವರನ್ನು ತಂದರೂ, ಬಹುಪಾಲು ಜನರ ಮಟ್ಟಿಗೆ ಕೊನೆಯ ಮಾತು ಇಂದಿಗೂ ಇಲಾಖೆಯ ಗೋಡೆಯೊಳಗೇ ಮುಗಿಯುತ್ತದೆ. ಈ ವ್ಯವಸ್ಥೆಯ ಬಗ್ಗೆ ಗಂಭೀರವಾಗಿ ಹೇಳಬೇಕಾದ ಮಾತು ಇದೇ.

ಮೇಲ್ಮನವಿ ಪ್ರಾಧಿಕಾರ

ಸಮಿತಿಯ ತೀರ್ಮಾನ ತಿಳಿದ ಮೂರು ತಿಂಗಳೊಳಗೆ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಶುಲ್ಕವಿಲ್ಲ. ಇದರ ಆಡಳಿತ ನೋಡುವುದು ನ್ಯಾಯ ಸಚಿವಾಲಯ, ಸಹಾಯಧನ ಕೊಡುವ ಸಚಿವಾಲಯವಲ್ಲ. ಇಡೀ ವ್ಯವಸ್ಥೆಯ ಸ್ವಾತಂತ್ರ್ಯ ನಿಂತಿರುವುದು ಈ ಒಂದು ಅಂತರದ ಮೇಲೆ. ಸದಸ್ಯರಲ್ಲಿ ವಕೀಲಿಕೆಯ ದೀರ್ಘ ಅನುಭವ ಇರುವವರು ಇರಲೇಬೇಕು.

ಇಲ್ಲಿಯ ವಿಚಾರಣೆ ಮೊದಲಿನಿಂದ ಹೊಸದಾಗಿ ನಡೆಯುತ್ತದೆ. ಅಧಿಕಾರಿ ತಪ್ಪು ಮಾಡಿದನೇ ಎಂದು ಹುಡುಕುತ್ತ ಕೂರುವುದಿಲ್ಲ. ಆ ಅಧಿಕಾರಿಯ ಕುರ್ಚಿಯಲ್ಲಿ ತಾನೇ ಕೂತು, ಈ ಸಂಗತಿಗಳಿಗೆ ಈ ಕಾನೂನು ಅನ್ವಯಿಸಿದರೆ ಸರಿಯಾದ ಉತ್ತರ ಯಾವುದು ಎಂದು ಪ್ರಾಧಿಕಾರ ನೋಡುತ್ತದೆ. ಹಿಂದೆ ಇಲಾಖೆಗೆ ತೋರಿಸಿರದ ದಾಖಲೆಯನ್ನೂ ಇಲ್ಲಿ ಕೊಡಬಹುದು. ಸಚಿವಾಲಯ ತನ್ನ ತೀರ್ಮಾನಕ್ಕೆ ಕಾರಣಗಳನ್ನೂ ದಾಖಲೆಗಳನ್ನೂ ಜೋಡಿಸಿ ಒಂದು ವರದಿ ಸಲ್ಲಿಸಬೇಕು. ಹಳೆಯ ಕಾಯ್ದೆಯ ಸೆಕ್ಷನಿನ ಹೆಸರಿನಲ್ಲಿ ಅದಕ್ಕೆ '12 ಕೆ ವರದಿ' ಎಂಬ ಹೆಸರು ಬಂತು. ನೂರಾರು ಪುಟ ಮುಟ್ಟಬಲ್ಲ ಈ ಕಟ್ಟನ್ನು ಓದಿದಾಗಲೇ ಎಷ್ಟೋ ಮಂದಿಗೆ ತಮ್ಮ ಬಗ್ಗೆ ಕಡತದಲ್ಲಿ ಏನೇನು ಬರೆದಿದೆ ಎಂದು ಮೊದಲ ಬಾರಿಗೆ ತಿಳಿಯುವುದು.

ವಿಚಾರಣೆ ಖಾಸಗಿಯಾಗಿ ನಡೆಯುತ್ತದೆ. ತೀರ್ಪುಗಳನ್ನು ಪ್ರಕಟಿಸುವಾಗ ಅರ್ಜಿದಾರರ ಹೆಸರು ತೆಗೆದಿರುತ್ತಾರೆ. 1898ರ ಮ್ಯಾಜಿಸ್ಟ್ರೇಟರ ಕಟಕಟೆಯಿಂದ ಇಲ್ಲಿಗೆ ಬಂದ ದೂರ ಇದರಲ್ಲಿ ಕಾಣುತ್ತದೆ. ಸೋತರೆ ಎದುರು ಪಕ್ಷದ ಖರ್ಚು ಕೊಡಬೇಕಾದೀತು ಎಂಬ ಭಯವೂ ಬೇಕಿಲ್ಲ. ಮೇಲ್ಮನವಿ ಹುರುಳಿಲ್ಲದ್ದು ಅಥವಾ ಪೀಡಿಸಲೆಂದೇ ಹಾಕಿದ್ದು ಎನಿಸಿದಾಗ ಮಾತ್ರ ಆ ಪ್ರಶ್ನೆ ಬರುತ್ತದೆ. ಗೆದ್ದವರಿಗೆ ಖರ್ಚು ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ವಕೀಲರು ಬೇಕೇ ಬೇಕೆಂದಿಲ್ಲ. ಬೇಕೆಂದರೆ ಬಡವರಿಗೆ ಸಿಗುವ ಕಾನೂನು ನೆರವನ್ನು ಇಲ್ಲಿಯೂ ಕೇಳಬಹುದು.

ಪ್ರಾಧಿಕಾರಕ್ಕೆ ಮಿತಿಗಳೂ ಇವೆ. ಕಾಯ್ದೆ ಅಂಚು ಹಾಕಿಕೊಟ್ಟ ಕಡೆ ಅದು ಕರುಣೆಯಿಂದ ಗೆರೆ ದಾಟಲಾಗದು. ಅಧಿಕಾರಿಯ ಒರಟು ಮಾತಿಗೆ, ಆದ ಅವಮಾನಕ್ಕೆ ಪರಿಹಾರ ಕೊಡಿಸುವುದು ಅದರ ಕೆಲಸವಲ್ಲ. ಅಲ್ಲಿಂದ ಮೇಲೆ ಹೈಕೋರ್ಟಿಗೆ ಹೋಗಬಹುದಾದರೂ ಅಲ್ಲಿ ಕೇಳಬಹುದಾದ್ದು ಕಾನೂನಿನ ಪ್ರಶ್ನೆ ಮಾತ್ರ; ಸಂಗತಿಗಳನ್ನು ಮತ್ತೆ ಕೆದಕಲಾಗದು. ಅದರಾಚೆ ಮೇಲ್ಮನವಿ ನ್ಯಾಯಾಲಯ ಮತ್ತು ಸುಪ್ರೀಂ ಕೋರ್ಟಿಗೆ ಹೋಗಲು ಅನುಮತಿ ಬೇಕು.

ಕಾಯಿಲೆ ಅಥವಾ ಅಂಗವೈಕಲ್ಯದ ಕಾರಣಕ್ಕೆ ಆದ ತೀರ್ಮಾನಗಳು ಈ ದಾರಿ ಹಿಡಿಯುವುದಿಲ್ಲ. ಒಬ್ಬರು ಎಷ್ಟು ದುಡಿಯಬಲ್ಲರು, ಸಪೋರ್ಟೆಡ್ ಲಿವಿಂಗ್ ಪೇಮೆಂಟಿಗೆ ಅರ್ಹರೇ, ಮಗುವಿಗೆ ಅಂಗವೈಕಲ್ಯ ಭತ್ಯೆ ಸಲ್ಲುತ್ತದೆಯೇ ಎಂಬಂಥವನ್ನು ವೈದ್ಯರೂ ಪುನರ್ವಸತಿ ತಜ್ಞರೂ ಇರುವ ಮೂವರ ವೈದ್ಯಕೀಯ ಮೇಲ್ಮನವಿ ಮಂಡಳಿ ನೋಡುತ್ತದೆ. ಅದರ ಮೇಲೆ ಮತ್ತೆ ಮೇಲ್ಮನವಿ ಇಲ್ಲ. ಉಳಿಯುವುದು ಹೈಕೋರ್ಟಿನ ನ್ಯಾಯಿಕ ಪರಾಮರ್ಶೆ ಒಂದೇ. ಬೆನ್ನುನೋವಿನಿಂದ ಹಾಸಿಗೆ ಹಿಡಿದವರಿಗೆ ಅದು ದೂರದ ಊರು.

ಯಾವುದರ ಮೇಲೆ ತಕರಾರು

ಮೇಲ್ಮನವಿಗಳ ವಸ್ತು ನೂರಾರು. ಆದರೆ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಕಹಿಯಾದದ್ದು ಸಂಬಂಧದ ಪ್ರಶ್ನೆ: ಇವಳು ಒಂಟಿಯೇ, ಅಥವಾ ಗಂಡನಂತೆ ಇರುವವನೊಬ್ಬ ಇದ್ದಾನೆಯೇ? ಒಂಟಿ ತಾಯಿಗೆ ಸಿಗುವ ಸಹಾಯಧನ ಜೊತೆಗಾರನಿದ್ದಾನೆ ಎಂದಾದರೆ ಸಿಗುವುದಿಲ್ಲ. ಇದ್ದ ಎಂದು ಮುಂದೆಂದೋ ತೀರ್ಮಾನವಾದರೆ ವರ್ಷಗಳ ಹಣ ಸಾಲವಾಗಿ ಬಂದು ಕುಳಿತುಕೊಳ್ಳುತ್ತದೆ, ವಂಚನೆಯ ಮೊಕದ್ದಮೆಯೂ ಆಗಬಹುದು. ಮಂಚ, ಅಡುಗೆಮನೆ, ಬ್ಯಾಂಕ್ ಖಾತೆ, ನೆರೆಯವರ ಮಾತು ಎಲ್ಲವೂ ಸಾಕ್ಷ್ಯವಾಗುವ ವಿಚಾರಣೆ ಇದು.

1996ರಲ್ಲಿ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ಪ್ರಕರಣ ಇದರ ದಿಕ್ಕು ಬದಲಿಸಿತು. ಒಬ್ಬನ ಕೈಯಲ್ಲಿ ವರ್ಷಾನುಗಟ್ಟಲೆ ತೀವ್ರವಾದ ಹೊಡೆತ ತಿಂದಿದ್ದ ಮಹಿಳೆಯ ಮೇಲೆ, ಆತನೊಂದಿಗೆ ಬಾಳುತ್ತಿದ್ದೂ ಸಹಾಯಧನ ಪಡೆದಳೆಂದು ವಂಚನೆಯ ಆರೋಪ ಹೊರಿಸಿ ಶಿಕ್ಷೆ ವಿಧಿಸಲಾಗಿತ್ತು. ಒಂದೇ ಸೂರಿನಡಿ ಇದ್ದ ಮಾತ್ರಕ್ಕೆ ದಾಂಪತ್ಯವಾಗುವುದಿಲ್ಲ, ಪರಸ್ಪರ ಭಾವನಾತ್ಮಕ ಬದ್ಧತೆ ಇರಬೇಕು, ಅಗತ್ಯ ಬಿದ್ದರೆ ಒಬ್ಬರನ್ನೊಬ್ಬರು ಆರ್ಥಿಕವಾಗಿ ನೋಡಿಕೊಳ್ಳುವ ಬದ್ಧತೆಯೂ ಇರಬೇಕು ಎಂದು ನ್ಯಾಯಾಲಯ ಹೇಳಿ ಶಿಕ್ಷೆಯನ್ನು ರದ್ದು ಮಾಡಿತು. ದುಡ್ಡು ಕೊಡದ, ಕೊಡುವ ಮನಸ್ಸೂ ಇಲ್ಲದ, ಹೊಡೆದು ಹೆದರಿಸಿ ಮನೆಯಲ್ಲಿ ಇರುವವನನ್ನು ಪೋಷಕನೆಂದು ಲೆಕ್ಕ ಹಾಕಲಾಗದು ಎಂಬುದು ಈಗ ಯಾರಿಗಾದರೂ ಸಹಜವಾದ ಮಾತಾಗಿ ಕಾಣಬಹುದು. ಅಂದಿಗೆ ಅದನ್ನು ಅಷ್ಟು ದೊಡ್ಡ ನ್ಯಾಯಾಲಯವೇ ಹೇಳಬೇಕಾಯಿತು. ಹೇಳಿದ ಮೇಲೂ ಇಲಾಖೆಯ ಕಚೇರಿಗಳು ಹಳೆಯ ಅಳತೆಗೋಲಿನಿಂದಲೇ ಅಳೆಯುತ್ತಿದ್ದವು ಎಂಬುದನ್ನು ವಕೀಲೆ ಫ್ರಾನ್ಸಿಸ್ ಜಾಯ್‌ಚೈಲ್ಡ್ 2001ರ ತಮ್ಮ ವರದಿಯಲ್ಲಿ ತೋರಿಸಿದರು. ಉನ್ನತ ನ್ಯಾಯಾಲಯದ ಮಾತು ಕೌಂಟರಿಗೆ ಇಳಿದು ಬರಲು ಎಷ್ಟು ಕಾಲ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮದುವೆಯಾಗಿ ದೂರದ ದೇಶದಿಂದ ಬಂದು, ಮನೆಯೊಳಗಿನ ಹಿಂಸೆಯಿಂದ ಹೊರಬಿದ್ದ ಹೆಣ್ಣುಮಕ್ಕಳಿಗೂ ಈ ತೀರ್ಪು ಆಸರೆ. ಭಾರತದಿಂದ ಹೋದವರೂ ಅವರಲ್ಲಿದ್ದಾರೆ.

ಸಾಲದ ತಕರಾರುಗಳು ಇದಕ್ಕೆ ಅಂಟಿಕೊಂಡೇ ಬರುತ್ತವೆ. ಹೆಚ್ಚು ಕೊಟ್ಟ ಹಣವನ್ನು ಇಲಾಖೆ ವಾರದ ಕಂತಿನಲ್ಲಿ ಹಿಡಿದುಕೊಳ್ಳುತ್ತದೆ. ಆದರೆ ತಪ್ಪು ಇಲಾಖೆಯದಾಗಿದ್ದು, ಅದಕ್ಕೆ ಪಡೆದವರು ಬೇಕೆಂದೇ ಕಾರಣರಾಗಿರದೆ, ತಮಗೆ ಸಲ್ಲುವುದೆಂದು ನಂಬಿ ಖರ್ಚು ಮಾಡಿದ್ದು, ವಾಪಸು ಕೇಳುವುದು ಅನ್ಯಾಯವಾಗುವಂತಿದ್ದರೆ ಆ ಹಣ ವಸೂಲು ಮಾಡುವಂತಿಲ್ಲ. ಷರತ್ತುಗಳೆಲ್ಲ ಒಟ್ಟಿಗೆ ಕೂಡಬೇಕು. 'ನಾನು ಹೇಳಿದ್ದೆ, ಅವರು ಬರೆದುಕೊಳ್ಳಲಿಲ್ಲ' ಎಂಬ ಮಾತನ್ನು ರುಜುವಾತು ಮಾಡುವುದು ಹೇಗೆ ಎಂಬಲ್ಲಿಗೇ ಎಷ್ಟೋ ಪ್ರಕರಣಗಳು ಬಂದು ನಿಲ್ಲುತ್ತವೆ.

ವಲಸೆ ಬಂದವರು ಮತ್ತು ಹೊರದೇಶದ ಪಿಂಚಣಿ

ಕನ್ನಡಿಗರೂ ಸೇರಿ ಭಾರತೀಯ ಕುಟುಂಬಗಳಿಗೆ ಹತ್ತಿರವಾದ ತಕರಾರುಗಳು ಹೆಚ್ಚಾಗಿ ವಾಸದ ಅವಧಿ ಮತ್ತು ಪಿಂಚಣಿಗೆ ಸಂಬಂಧಿಸಿದವು. ಮುಖ್ಯ ಸಹಾಯಧನಗಳಿಗೆ ನಿವಾಸಿ ವೀಸಾ ಸಿಕ್ಕ ಮೇಲೆ ಎರಡು ವರ್ಷ ದೇಶದಲ್ಲಿ ವಾಸವಿರಬೇಕು. ಅಷ್ಟರೊಳಗೆ ಕಷ್ಟಕ್ಕೆ ಸಿಲುಕಿದವರಿಗೆ ಎಮರ್ಜೆನ್ಸಿ ಬೆನಿಫಿಟ್ ಎಂಬುದಿದ್ದು, ಅದನ್ನು ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆಗೆ ಸೇರಿದ್ದು. ವಿವೇಚನೆ ಇದ್ದ ಕಡೆ ತಕರಾರೂ ಇರುತ್ತದೆ.

ವೃದ್ಧಾಪ್ಯದ ಸೂಪರ್‌ಆ್ಯನ್ಯುಯೇಶನ್ನಿಗೆ 20 ವರ್ಷ ವಯಸ್ಸಾದ ಮೇಲೆ ದೇಶದಲ್ಲಿ ಕನಿಷ್ಠ 10 ವರ್ಷ, ಅದರಲ್ಲಿ 50 ದಾಟಿದ ಮೇಲೆ 5 ವರ್ಷ ವಾಸವಿರಬೇಕೆಂಬುದು ಬಹುಕಾಲದ ನಿಯಮ. 2021ರ ತಿದ್ದುಪಡಿಯಂತೆ 2024ರ ಜುಲೈಯಿಂದ ಆ 10 ವರ್ಷ ಹಂತಹಂತವಾಗಿ ಏರುತ್ತ 2042ಕ್ಕೆ 20 ಆಗಲಿದೆ. ಮಗನೋ ಮಗಳೋ ಕರೆಸಿಕೊಂಡದ್ದಕ್ಕೆ ಐವತ್ತೈದು ಅರವತ್ತರಲ್ಲಿ ಬೆಂಗಳೂರು, ಮೈಸೂರಿನ ಮನೆಗೆ ಬೀಗ ಹಾಕಿ ಬಂದವರ ಲೆಕ್ಕಾಚಾರವನ್ನು ಇದು ತಲೆಕೆಳಗು ಮಾಡಿದೆ. ಸೂಪರ್ ಸಿಕ್ಕ ಮೇಲೂ ಊರಿಗೆ ಹೋಗಿ ಬರುವುದಕ್ಕೆ ಲೆಕ್ಕ ಇದೆ. 26 ವಾರದವರೆಗೆ ಹೊರಗಿದ್ದರೆ ಹಣ ಬರುತ್ತಿರುತ್ತದೆ; 30 ವಾರ ಮೀರಿದರೆ ಹೊರಗಿದ್ದಷ್ಟೂ ಕಾಲದ್ದನ್ನು ಹಿಂತಿರುಗಿಸಬೇಕು. ಕೈಮೀರಿದ ಕಾರಣಕ್ಕೆ ವಿನಾಯಿತಿ ಕೇಳಬಹುದಾದ್ದರಿಂದ, ಮೊಮ್ಮಗಳ ಮದುವೆ ಮುಂದಕ್ಕೆ ಹೋದದ್ದು ಮತ್ತು ಸೊಂಟ ಮುರಿದು ಆಸ್ಪತ್ರೆ ಸೇರಿದ್ದು ಇವೆರಡರ ನಡುವಿನ ಗೆರೆಯನ್ನು ಯಾರಾದರೂ ಎಳೆಯಲೇಬೇಕಾಗುತ್ತದೆ.

ಇದಕ್ಕಿಂತ ಹಳೆಯ ಜಗಳ ಹೊರದೇಶದ ಪಿಂಚಣಿಯದು. ಬೇರೆ ದೇಶದ ಸರ್ಕಾರ ಅಥವಾ ಅದರ ಪರವಾಗಿ ನಡೆಸುವ ಸಾಮಾಜಿಕ ಭದ್ರತಾ ಯೋಜನೆಯಿಂದ ಪಿಂಚಣಿ ಬಂದರೆ ಅದನ್ನು ಇಲ್ಲಿನ ಸೂಪರ್‌ನಿಂದ ಡಾಲರಿಗೆ ಡಾಲರ್ ಕಳೆಯುತ್ತಾರೆ. 1938ರಿಂದ ಬಂದ ತತ್ವ ಇದು. 1964ರ ಕಾಯ್ದೆಯ 70ನೆಯ ಸೆಕ್ಷನ್ ಎಂದೇ ಕುಖ್ಯಾತ. ಕಾನೂನಿನ ವಾದ ಸರಳ: ಒಂದೇ ಮುಪ್ಪಿಗೆ ಎರಡು ಸರ್ಕಾರಗಳಿಂದ ಎರಡು ವೇತನ ಬೇಡ. ಎದುರು ವಾದ, ಆ ಪಿಂಚಣಿ ಸರ್ಕಾರದ ದಾನವಲ್ಲ, ದುಡಿಮೆಯ ಕಾಲದಲ್ಲಿ ಸಂಬಳದಿಂದ ಹಿಡಿದಿಟ್ಟದ್ದು ಎಂಬುದು. ಯಾವ ಪಿಂಚಣಿ ಸರ್ಕಾರಿ ಯೋಜನೆ, ಯಾವುದು ನೌಕರಿಯ ಉಳಿತಾಯ ಎಂಬುದು ದೇಶದಿಂದ ದೇಶಕ್ಕೆ, ಯೋಜನೆಯಿಂದ ಯೋಜನೆಗೆ ಬೇರೆಯಾಗುವ ಕಾರಣ ಪ್ರಾಧಿಕಾರದ ಮುಂದೆ ದಶಕಗಳಿಂದ ಈ ಪ್ರಕರಣಗಳು ಬರುತ್ತಲೇ ಇವೆ. ಹೆಂಡತಿಯ ಹೊರದೇಶದ ಪಿಂಚಣಿ ಹೆಚ್ಚಿದ್ದರೆ ಗಂಡನ ಸೂಪರ್‌ನಿಂದಲೂ ಕಳೆಯುವ ನಿಯಮವೊಂದಿತ್ತು. ನ್ಯೂಜಿಲೆಂಡಿನಲ್ಲೇ ಹುಟ್ಟಿ ಬೆಳೆದು ತೆರಿಗೆ ಕಟ್ಟಿದವನು ಮದುವೆಯಾದ ತಪ್ಪಿಗೆ ವೇತನ ಕಳೆದುಕೊಳ್ಳುತ್ತಿದ್ದ. 2020ರ ನವೆಂಬರ್ 9ರಿಂದ ಅದನ್ನು ಕೈಬಿಟ್ಟರು. ಮೇಲ್ಮನವಿಗಳಲ್ಲಿ ಸೋತದ್ದನ್ನು ಸಂಸತ್ತಿನಲ್ಲಿ ಗೆದ್ದ ಅಪರೂಪದ ಉದಾಹರಣೆ ಇದು. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ ಮುಂತಾದ ಕೆಲವು ದೇಶಗಳ ಜೊತೆ ನ್ಯೂಜಿಲೆಂಡಿಗೆ ಸಾಮಾಜಿಕ ಭದ್ರತಾ ಒಪ್ಪಂದ ಉಂಟು. ಭಾರತದ ಜೊತೆ ಅಂಥ ಒಪ್ಪಂದ ಇಲ್ಲದ ಕಾರಣ ಅಲ್ಲಿ ದುಡಿದ ವರ್ಷಗಳನ್ನು ಇಲ್ಲಿಯ ವಾಸಕ್ಕೆ ಕೂಡಿಸಿಕೊಳ್ಳಲಾಗದು.

ಜೊತೆ ನಿಲ್ಲುವವರು

ಈ ವ್ಯವಸ್ಥೆ ನಡೆಯುತ್ತಿರುವುದು ಬಹುಮಟ್ಟಿಗೆ ಸಂಬಳವಿಲ್ಲದ ಅಥವಾ ಕಡಿಮೆ ಸಂಬಳದ ಅಡ್ವೊಕೇಟರ ಬಲದಿಂದ. ಇವರು ವಕೀಲರಲ್ಲ, ನಿಯಮ ಓದಿ ತಿಳಿದು, ಕಚೇರಿಗೆ ಜೊತೆಯಲ್ಲಿ ಹೋಗಿ ಕೂತು, ಅರ್ಜಿ ಬರೆದುಕೊಡುವವರು. ಬಹಳಷ್ಟು ಮಂದಿ ತಾವೇ ಒಮ್ಮೆ ಸಹಾಯಧನದಲ್ಲಿ ಬದುಕಿದವರು. 1991ರ ಏಪ್ರಿಲ್ 1ರಿಂದ ಅಂದಿನ ಸರ್ಕಾರ ಸಹಾಯಧನಗಳನ್ನು ಕಡಿತ ಮಾಡಿದಾಗ ಈ ಚಳವಳಿ ಬಲಗೊಂಡಿತು. ಮುಂದೆ ಗ್ರೀನ್ ಪಕ್ಷದ ಸಂಸದೆಯಾದ ಸೂ ಬ್ರಾಡ್‌ಫರ್ಡ್ ನಿರುದ್ಯೋಗಿಗಳ ಸಂಘಟನೆಯಿಂದ ಬಂದವರು. 2010ರಲ್ಲಿ ಹುಟ್ಟಿದ ಆಕ್ಲೆಂಡ್ ಆ್ಯಕ್ಷನ್ ಅಗೇನ್ಸ್ಟ್ ಪಾವರ್ಟಿ ಸಂಘಟನೆಯಲ್ಲೂ ಅವರು ಮುಂದಿದ್ದರು. ಆ ಸಂಘಟನೆಯವರು ದಕ್ಷಿಣ ಆಕ್ಲೆಂಡಿನ ಮಾಂಗರೆಯ ಕಚೇರಿಯ ಹೊರಗೆ ಮೇಜು ಹಾಕಿ ಕೂತು ನೂರಾರು ಜನರ ಜೊತೆ ಒಬ್ಬೊಬ್ಬರಾಗಿ ಒಳಗೆ ಹೋದರು. ಜೊತೆಗೆ ಒಬ್ಬರಿದ್ದರೆ ಅದೇ ಕೌಂಟರಿನಲ್ಲಿ ನಿನ್ನೆಯ 'ಇಲ್ಲ' ಇವತ್ತು 'ಆಗಲಿ' ಆಗುವುದು ಅವರ ನಿತ್ಯದ ಅನುಭವ. ಕ್ರೈಸ್ಟ್‌ಚರ್ಚಿನ ಬೆನಿಫಿಶಿಯರಿ ಅಡ್ವೈಸರಿ ಸರ್ವಿಸ್, ದೇಶದುದ್ದಕ್ಕೂ ಇರುವ ಕಮ್ಯುನಿಟಿ ಲಾ ಕೇಂದ್ರಗಳು, ಸಿಟಿಜನ್ಸ್ ಅಡ್ವೈಸ್ ಬ್ಯೂರೋಗಳು ಇದೇ ಕೆಲಸವನ್ನು ಹೆಚ್ಚು ಸದ್ದಿಲ್ಲದೆ ಮಾಡುತ್ತವೆ.

ಕರ್ನಾಟಕದ ಓದುಗರಿಗೆ ಹೋಲಿಕೆಗೆ ಸಿಗುವುದು 2011ರ ಸಕಾಲ ಕಾಯ್ದೆ. ಅಲ್ಲಿ ಗಡಿಯಾರದ್ದೇ ಮೇಲುಗೈ: ನಿಗದಿತ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಜೊತೆಗೆ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ. ಸಂಧ್ಯಾ ಸುರಕ್ಷಾದಂಥ ಪಿಂಚಣಿ ನಿಂತುಹೋದ ಅಜ್ಜಿ ನಾಡಕಚೇರಿಗೆ ಅಲೆಯುತ್ತಾಳೆ, ಪಿಂಚಣಿ ಅದಾಲತ್ತಿನ ದಿನಕ್ಕೆ ಕಾಯುತ್ತಾಳೆ. ತಡವಾದದ್ದಕ್ಕೆ ಕೇಳುವ ಹಕ್ಕು ನಮ್ಮಲ್ಲಿ ಚೆನ್ನಾಗಿ ಬರೆದಿದೆ. ಕೊಡದೆ ಇದ್ದದ್ದು ಸರಿಯೇ ಎಂದು ಕಂದಾಯ ಇಲಾಖೆಯ ಹೊರಗಿನ, ಪಿಂಚಣಿಗೆಂದೇ ಮೀಸಲಾದ ನ್ಯಾಯಪೀಠವೊಂದು ಕೂತು ಮೊದಲಿನಿಂದ ವಿಚಾರಿಸುವ ಪದ್ಧತಿ ಮಾತ್ರ ಇಲ್ಲ.

ಇತ್ತೀಚಿನ ಬೆಳವಣಿಗೆಗಳು

2019ರಲ್ಲಿ ಎರಡು ಮುಖ್ಯ ವರದಿಗಳು ಹೊರಬಂದವು. ಸಿಂಡಿ ಕೀರೊ ಅಧ್ಯಕ್ಷತೆಯ ತಜ್ಞರ ಗುಂಪು 42 ಶಿಫಾರಸುಗಳೊಂದಿಗೆ ಇಡೀ ವ್ಯವಸ್ಥೆಯ ಪುನರ್‌ರಚನೆ ಕೇಳಿತು. ಖಾಸಗಿತನದ ಆಯುಕ್ತರಾಗಿದ್ದ ಜಾನ್ ಎಡ್ವರ್ಡ್ಸ್, ವಂಚನೆ ಪತ್ತೆಯ ಹೆಸರಿನಲ್ಲಿ ಸಚಿವಾಲಯ 2012ರಿಂದ ಜನರನ್ನು ಮೊದಲು ಕೇಳದೆಯೇ ಅವರ ಮಾಹಿತಿಯನ್ನು ಫೋನ್ ಕಂಪನಿಗಳಂಥ ಮೂರನೆಯವರಿಂದ ತರಿಸಿಕೊಂಡದ್ದು ಕಾನೂನುಬದ್ಧವಲ್ಲ ಎಂದು ಕಂಡುಕೊಂಡರು. ಖಾಸಗಿ ಸಂದೇಶಗಳು, ಒಂದು ಪ್ರಕರಣದಲ್ಲಿ ಖಾಸಗಿ ಚಿತ್ರವೊಂದು ಕೂಡ ಕಡತ ಸೇರಿದ್ದವು. ಅಂಥ ಸಾಕ್ಷ್ಯದ ಮೇಲೆ ಕಟ್ಟಿದ ಸಂಬಂಧದ ತೀರ್ಮಾನಗಳಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಯನ್ನು ಅದು ಉಳಿಸಿತು.

2024ರ ಆಗಸ್ಟಿನಲ್ಲಿ ಸಚಿವೆ ಲೂಯೀಸ್ ಅಪ್‌ಸ್ಟನ್ ಟ್ರಾಫಿಕ್ ದೀಪದ ಪದ್ಧತಿ ತಂದರು. ಕೆಲಸ ಹುಡುಕುವ ಷರತ್ತುಗಳನ್ನು ಪಾಲಿಸುತ್ತಿರುವವರು ಹಸಿರು, ಒಂದನ್ನು ತಪ್ಪಿದವರು ಕಿತ್ತಳೆ, ಸರಿಪಡಿಸಿಕೊಳ್ಳದವರು ಕೆಂಪು. ಕೆಂಪಿಗೆ ಬಂದರೆ ಸಹಾಯಧನ ಕಡಿತವಾಗಬಹುದು, ನಿಲ್ಲಬಹುದು, ರದ್ದಾಗಬಹುದು. ಮಕ್ಕಳಿರುವವರಿಗೆ ಅರ್ಧಕ್ಕಿಂತ ಹೆಚ್ಚು ಕಡಿತ ಮಾಡುವಂತಿಲ್ಲ. 2025ರ ಮೇಯಿಂದ ಹಣದ ಬದಲು ಅರ್ಧ ಭಾಗವನ್ನು ನಾಲ್ಕು ವಾರ ಅಗತ್ಯ ವಸ್ತುಗಳಿಗಷ್ಟೇ ಬಳಸಬಹುದಾದ ಕಾರ್ಡಿನಲ್ಲಿ ಕೊಡುವ ಶಿಕ್ಷೆಯೂ ಸೇರಿತು. ಅದೇ ವರ್ಷದ ಜುಲೈಯಿಂದ ನಿರುದ್ಯೋಗ ಸಹಾಯಧನಕ್ಕೆ 26 ವಾರಕ್ಕೊಮ್ಮೆ ಹೊಸದಾಗಿ ಅರ್ಜಿ ಹಾಕಬೇಕಾಯಿತು.

ಇವೆಲ್ಲವೂ ಮೇಲ್ಮನವಿ ಹೂಡಬಹುದಾದ ತೀರ್ಮಾನಗಳೇ. ಆದರೆ ಇವುಗಳ ವೇಗ ಬೇರೆ. ಶಿಕ್ಷೆ ಜಾರಿಯಾಗುವ ಮುನ್ನ ಸಮಜಾಯಿಷಿ ಕೊಡಲು ಇರುವುದು ಐದು ಕೆಲಸದ ದಿನ. ಅಪಾಯಿಂಟ್‌ಮೆಂಟಿಗೆ ಬರಲಾಗದ್ದಕ್ಕೆ ಮಗುವಿನ ಜ್ವರ, ಬಸ್ಸು ತಪ್ಪಿದ್ದು, ಪತ್ರ ತಲುಪದ್ದು ಇಂಥ ಕಾರಣಗಳನ್ನು ಅಷ್ಟರೊಳಗೆ ಮುಂದಿಡಬೇಕು. ತಪ್ಪಿದರೆ ಮರುಪರಿಶೀಲನೆಯ ಹಾದಿ ಇದ್ದೇ ಇದೆ, ಗೆದ್ದರೆ ಹಿಂದಿನ ಹಣವೂ ಬರುತ್ತದೆ. ಆದರೆ ವಾರದ ಬಾಡಿಗೆಗೆ ವಾರದಲ್ಲೇ ದುಡ್ಡು ಬೇಕು. ನಿಧಾನವಾಗಿ, ಕೂಲಂಕಷವಾಗಿ ನೋಡಲೆಂದು ಕಟ್ಟಿದ ವ್ಯವಸ್ಥೆಯ ಮುಂದೆ ಈಗ ಬರುತ್ತಿರುವುದು ವಾರದೊಳಗೆ ಪೆಟ್ಟು ಕೊಡುವ ತೀರ್ಮಾನಗಳು.

ಬೇರೆ ಹಾದಿಗಳು

ಅಪಘಾತದ ಗಾಯಗಳಿಗೆ ಸಿಗುವ ಪರಿಹಾರ ಈ ವ್ಯವಸ್ಥೆಗೆ ಸೇರಿದ್ದಲ್ಲ. ಅದನ್ನು ನೋಡಿಕೊಳ್ಳುವ ಅಪಘಾತ ಪರಿಹಾರ ನಿಗಮಕ್ಕೆ ತನ್ನದೇ ಮರುಪರಿಶೀಲನೆ ಇದ್ದು, ಅಲ್ಲಿಂದ ಮೇಲ್ಮನವಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತದೆ. ಅಧಿಕಾರಿಗಳ ನಡವಳಿಕೆ, ವಿಳಂಬ, ಮಾಹಿತಿ ಕೊಡದಿರುವುದು ಇವುಗಳಿಗೆ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಸರ್ಕಾರಿ ಮನೆ ಹಂಚಿಕೆಯ ತಕರಾರುಗಳಿಗೆ ಹಿಂದೆ ಪ್ರತ್ಯೇಕ ಪ್ರಾಧಿಕಾರವಿತ್ತು. 2014ರ ನಂತರ ಅವೂ ಸಾಮಾಜಿಕ ಭದ್ರತಾ ಮೇಲ್ಮನವಿ ಪ್ರಾಧಿಕಾರದ ಪಾಲಿಗೆ ಬಂದವು. ನಿಯಮವೇ ತಾರತಮ್ಯದ್ದು ಎಂಬ ವಾದಕ್ಕೆ ಮಾನವ ಹಕ್ಕುಗಳ ಹಾದಿ ಬೇರೆ ಇದೆ. ಚೈಲ್ಡ್ ಪಾವರ್ಟಿ ಆ್ಯಕ್ಷನ್ ಗ್ರೂಪ್ ಆ ಹಾದಿ ಹಿಡಿದು, ದುಡಿಯುವ ಪಾಲಕರಿಗೆ ಕೊಟ್ಟು ಸಹಾಯಧನದಲ್ಲಿರುವವರ ಮಕ್ಕಳಿಗೆ ನಿರಾಕರಿಸಿದ ತೆರಿಗೆ ರಿಯಾಯಿತಿಯನ್ನು ವರ್ಷಗಟ್ಟಲೆ ಪ್ರಶ್ನಿಸಿತು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಅದು ತಾರತಮ್ಯ ಎಂಬುದನ್ನು ಒಪ್ಪಿತು. ಆದರೆ ಸಮರ್ಥನೀಯ ತಾರತಮ್ಯ ಎಂದು ಅರ್ಜಿಯನ್ನು ವಜಾ ಮಾಡಿತು.